ಕುಲಾವಿಯ ಲೆಕ್ಕ

ನಮ್ಮ ಮನೆಯ ಬೀರುವಿನ ಮೇಲಿನ ಅರೆಯಲ್ಲಿ, ಹಳೆಯ ರೇಷ್ಮೆ ಸೀರೆಗಳ ನಡುವೆ, ಒಂದು ಪುಟ್ಟ ಕುಲಾವಿ ಇದೆ. ಬಿಳಿಯ ಹತ್ತಿದಾರದಲ್ಲಿ ಕ್ರೋಶಾ ಹಾಕಿದ್ದು. ಈಗ ಅದರ ಬಣ್ಣ ಹಳೆಯ ಪುಸ್ತಕದ ಹಾಳೆಯ ಹಾಗೆ ಆಗಿದೆ. ಒಂದು ಕಡೆಯ ಲಾಡಿ ಕಿತ್ತುಹೋಗಿದೆ. ಅಂಚಿನಲ್ಲಿ ಮಾತ್ರ ಮಲ್ಲಿಗೆಯ ಎಸಳಿನಂಥ ಕುಸುರಿ ಹಾಗೇ ನಿಂತಿದೆ.

ನನ್ನ ತಮ್ಮ ಹುಟ್ಟಿದಾಗ ಅಮ್ಮ ಮಾಡಿದ ಕುಲಾವಿ ಅದು. ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಆಷಾಢದ ಮಳೆ ಹಿಡಿಯಿತೆಂದರೆ ಒಲೆಯ ಮುಂದಿನ ಜಾಗ ಬಿಟ್ಟು ಮನೆಯೆಲ್ಲ ಥಂಡಿ. ಕೇರಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ನಾಮಕರಣದ ಹೊತ್ತಿಗೆ ಅಮ್ಮನ ಕೈಯ ಒಂದು ಕುಲಾವಿ ಹೋಗಲೇಬೇಕು. ಎಷ್ಟು ಮಾಡಿದಳೋ ಲೆಕ್ಕವಿಲ್ಲ. ಆದರೆ ಹೇಗೆ ಮಾಡಿದೆ ಎಂದು ಒಂದು ಸಾಲನ್ನೂ ಬರೆದಿಡಲಿಲ್ಲ. ಕೇಳಿದರೆ, “ಕೈಗೆ ಗೊತ್ತು ಕಣೇ, ಬಾಯಿಗೆ ಬರೋದಿಲ್ಲ” ಅನ್ನುತ್ತಿದ್ದಳು.

ನಾನೂ ಕ್ರೋಶಾ ಕಲಿತೆ. ಶಾಲೆಯ ಹೊಲಿಗೆ ಕ್ಲಾಸಿನಲ್ಲಿ ಕಲಿತು, ರೇಡಿಯೋ ಮೇಲೆ ಹೊದಿಸುವುದು, ಟಿ.ವಿ. ಮೇಲೆ ಹಾಸುವುದು, ಬಾಗಿಲ ತೋರಣ, ಎಲ್ಲ ಮಾಡಿದೆ. ಕುಲಾವಿ ಮಾತ್ರ ಕಲಿಯಲಿಲ್ಲ. ಅಮ್ಮ ಇದ್ದಾಳಲ್ಲ ಎನ್ನುವ ಧೈರ್ಯ! ಅಮ್ಮ ಹೋಗಿ 20 ವರ್ಷವಾಯಿತು. ಅವಳ ಕೈಗೆ ಗೊತ್ತಿದ್ದದ್ದು ಅವಳ ಜೊತೆಗೇ ಹೋಯಿತು.

ಕಳೆದ ವರ್ಷ ನನ್ನ ಮಗಳು ಬಾಣಂತನಕ್ಕೆ ಶಿವಮೊಗ್ಗದ ನಮ್ಮ ಮನೆಗೆ ಬಂದಳು. ಮಳೆಗಾಲಕ್ಕೇ ಮಗು ಬರುವುದಿತ್ತು. ಅಮ್ಮನ ಕುಲಾವಿಯನ್ನು ಹೊರತೆಗೆದೆ. ಅಂಥದ್ದೇ ಒಂದನ್ನು ಮಾಡಬೇಕು, ಮಾಡಿದ್ದನ್ನು ಬರೆದೂ ಇಡಬೇಕು ಎಂದು ನಿಶ್ಚಯಿಸಿದೆ. ಅವಸರಕ್ಕೆ ಇನ್ನೊಂದು ಕಾರಣವೂ ಇತ್ತು. ನನ್ನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣಿನ ಆಪರೇಷನ್ ಆಗಿತ್ತು, ಎಡಗಣ್ಣಿನದು ಬಾಕಿ. ನಾನೂ ‘ಕೈಗೆ ಗೊತ್ತು’ ಎನ್ನುತ್ತ ಕೂತರೆ ಮುಂದಿನವರ ಗತಿ?

ಹೀಗೆ 67ನೇ ವಯಸ್ಸಿನಲ್ಲಿ ನಾನು ‘ಡಿಸೈನರ್’ ಆದೆ. ನಗಬೇಡಿ ಮಕ್ಕಳೇ, ಮುಂದಿನ ಕಥೆ ಕೇಳಿ. ನಗುವುದಕ್ಕೆ ಇನ್ನೂ ಬೇಕಾದಷ್ಟು ಇದೆ.

ಒಂದು ಕೊಕ್ಕೆ, ಒಂದು ಕುಣಿಕೆ

ಕ್ರೋಶಾ ನೋಡದ ಮಕ್ಕಳಿಗಾಗಿ ಎರಡು ಮಾತು. ಸ್ವೆಟರ್ ಹೆಣೆಯುವುದಕ್ಕೆ ಎರಡು ಕಡ್ಡಿ ಬೇಕು, ಕಡ್ಡಿಯ ತುಂಬ ಕುಣಿಕೆಗಳು ಸಾಲಾಗಿ ನಿಂತಿರುತ್ತವೆ. ಕ್ರೋಶಾಕ್ಕೆ ಒಂದೇ ಕಡ್ಡಿ. ಅದರ ತುದಿಯಲ್ಲಿ ಸಣ್ಣ ಕೊಕ್ಕೆ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಕುಣಿಕೆ ಕಡ್ಡಿಯ ಮೇಲೆ ಉಳಿಯುತ್ತದೆ. ನೂಲನ್ನು ಕೊಕ್ಕೆಯಿಂದ ಎಳೆದು ಕುಣಿಕೆಯೊಳಗೆ ತೂರಿಸುವುದು, ಮತ್ತೆ ಎಳೆಯುವುದು. ಇಷ್ಟೇ ಕೆಲಸ. ‘ಕ್ರೋಶೆ’ ಎನ್ನುವುದು ಫ್ರೆಂಚ್ ಮಾತು, ಅರ್ಥವೂ ‘ಸಣ್ಣ ಕೊಕ್ಕೆ’ ಎಂದೇ.

19ನೇ ಶತಮಾನದಲ್ಲಿ ಈ ಕಲೆ ಯೂರೋಪಿನಲ್ಲೆಲ್ಲ ಹರಡಿತು. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ರೋಗ ಬಂದು ನಾಶವಾಗಿ ಭಾರೀ ಕ್ಷಾಮ ಬಂದಾಗ, ಅಲ್ಲಿನ ಎಷ್ಟೋ ಹೆಂಗಸರು ಕ್ರೋಶಾ ಲೇಸು ಮಾಡಿ, ಮಾರಿ, ಮನೆಯವರ ಹೊಟ್ಟೆ ಹೊರೆದರು. ನಮ್ಮ ನೆರೆಯ ಆಂಧ್ರದ ಗೋದಾವರಿ ತೀರದ ನರಸಾಪುರದ ಕಡೆ ಇವತ್ತಿಗೂ ಸಾವಿರಾರು ಹೆಂಗಸರು ಮನೆಯಲ್ಲೇ ಕೂತು ಕ್ರೋಶಾ ಲೇಸು ಮಾಡುತ್ತಾರೆ. ಇನ್ನೊಂದು ಸೋಜಿಗ: ಸ್ವೆಟರ್ ಹೆಣೆಯುವ ಯಂತ್ರಗಳು ಬಂದು ಎಷ್ಟೋ ಕಾಲವಾಯಿತು. ಆದರೆ ಕ್ರೋಶಾ ಇನ್ನೂ ಕೈಯ ಕೆಲಸವಾಗಿಯೇ ಉಳಿದಿದೆ. ಅಂಗಡಿಯಲ್ಲಿ ನಿಜವಾದ ಕ್ರೋಶಾ ಚೀಲ ಕಂಡರೆ, ಅದರ ಒಂದೊಂದು ಕುಣಿಕೆಯನ್ನೂ ಯಾರೋ ಒಬ್ಬರು ಕೈಯಿಂದ ಎಳೆದಿದ್ದಾರೆ ಎಂದೇ ತಿಳಿಯಿರಿ.

ಕ್ರೋಶಾದಲ್ಲಿ ಒಂದೊಂದು ಹೆಣಿಗೆಯೂ ನೆಟ್ಟಗೆ ನಿಂತ ಸಣ್ಣ ಕಂಬದ ಹಾಗೆ ಕಾಣುತ್ತದೆ. ಅಮ್ಮ ಅದನ್ನು ‘ಕಂಬ’ ಎಂದೇ ಕರೆಯುತ್ತಿದ್ದಳು. ಗಿಡ್ಡ ಕಂಬ ಒಂದು, ಎತ್ತರದ ಕಂಬ ಒಂದು. ಈ ಎರಡು ಹೆಸರು ನೆನಪಿಟ್ಟುಕೊಳ್ಳಿ. ಮುಂದೆ ದೊಡ್ಡ ರಾದ್ಧಾಂತವೇ ಇವುಗಳಿಂದ ಆಗುವುದಿದೆ.

ಕೋಳಿಯ ಜುಟ್ಟು

ಅಮ್ಮನ ಕುಲಾವಿಯನ್ನು ಬಿಚ್ಚಿ ನೋಡಲು ಮನಸ್ಸು ಬರಲಿಲ್ಲ. ಭೂತಗನ್ನಡಿ ಹಿಡಿದು ಕೂತೆ. ನೆತ್ತಿಯ ಕಡೆ ದಾರ ಸವೆದು ಮುದ್ದೆಯಾಗಿದ್ದರಿಂದ ಏನೂ ತಿಳಿಯಲಿಲ್ಲ. ಅಂಚಿನ ಕಂಬಗಳನ್ನು ಮಾತ್ರ ಎಣಿಸಲಿಕ್ಕಾಯಿತು. ಮೂರು ಸಲ ಎಣಿಸಿದೆ. ಮೂರು ಸಲವೂ 96.

ಸರಿ, ನೆತ್ತಿಯಿಂದ ಶುರುಮಾಡಿ 96 ಕಂಬಕ್ಕೆ ಮುಟ್ಟಿಸಬೇಕು ಎಂದುಕೊಂಡೆ. ಅಂಗಡಿಯಿಂದ ಮೆತ್ತನೆಯ ಹತ್ತಿನೂಲು ತಂದು, 3.5 ಮಿ.ಮೀ. ಕಡ್ಡಿಯಲ್ಲಿ ಕೆಲಸ ಹಿಡಿದೆ. ಬೇಗ ಮುಗಿಯಲಿ ಎಂದು ಪ್ರತಿ ಸುತ್ತಿಗೂ 8 ಕಂಬ ಹೆಚ್ಚಿಸುತ್ತ ಹೋದೆ. ಐದಾರು ಸುತ್ತು ಆಗುವಷ್ಟರಲ್ಲಿ ಅಂಚೆಲ್ಲ ನೆರಿಗೆ ನೆರಿಗೆಯಾಗಿ ಎದ್ದು ನಿಂತಿತು.

“ಅಜ್ಜೀ, ಪಾಪುಗೆ ಕೋಳಿ ಜುಟ್ಟು ಮಾಡ್ತಿದ್ದೀಯಾ?” ಎಂದಳು ನನ್ನ ಮಗನ ಮಗಳು ಪುಟ್ಟಿ. ಏಳನೇ ಕ್ಲಾಸು, ಬಾಯಿ ಮಾತ್ರ ಎಪ್ಪತ್ತರದು.

ಬಿಚ್ಚಿದೆ. ಈ ಸಲ ಸುತ್ತಿಗೆ 4 ಹೆಚ್ಚಿಸಿದೆ. ಅಂಚು ಒಳಗೆ ಮಡಚಿಕೊಂಡು ಬಟ್ಟಲಾಯಿತು. ಮತ್ತೆ ಬಿಚ್ಚಿದೆ. 6 ಹೆಚ್ಚಿಸಿದೆ. ಆಗ ಚಪಾತಿಯ ಹಾಗೆ ಚಪ್ಪಟೆಯಾಗಿ, ಗುಂಡಗೆ ಬಂತು!

“ಆರೇ ಯಾಕೆ?” ಎಂದಳು ಪುಟ್ಟಿ. ನನಗೇನು ಗೊತ್ತು! ತೋರಣದ ಹೂವಿಗೆಲ್ಲ ನಾನು ಕೈಬಂದ ಹಾಗೆ ಹಾಕಿಕೊಂಡು ಬಂದವಳು. ಅವಳೇ ಅಳತೆಪಟ್ಟಿ ತಂದಳು. 10 ಸೆಂ.ಮೀ. ಅಗಲದಲ್ಲಿ 20 ಗಿಡ್ಡ ಕಂಬ ಇದ್ದವು. 10 ಸೆಂ.ಮೀ. ಎತ್ತರದಲ್ಲಿ 21 ಸಾಲು. ಅಂದರೆ ನನ್ನ ಕೈಯ ಗಿಡ್ಡ ಕಂಬ ಹೆಚ್ಚುಕಡಿಮೆ ಚೌಕ, ಅಗಲಕ್ಕಿಂತ ಎತ್ತರ ಕೂದಲೆಳೆಯಷ್ಟು ಕಡಿಮೆ.

ಆಮೇಲೆ ಅವಳು ಪಾಟಿಯ ಮೇಲೆ ಬರೆದು ತೋರಿಸಿದ್ದು ಹೀಗೆ. ವೃತ್ತದ ಸುತ್ತಳತೆ ಎಂದರೆ ಎರಡು ಗುಣಿಸು 22/7, ಗುಣಿಸು ತ್ರಿಜ್ಯ. ಒಂದು ಸುತ್ತು ಹಾಕಿದರೆ ತ್ರಿಜ್ಯ ಒಂದು ಕಂಬದ ಎತ್ತರದಷ್ಟು ಬೆಳೆಯುತ್ತದೆ. ಹಾಗಾದರೆ ಸುತ್ತಳತೆ ಆ ಎತ್ತರದ 44/7 ಪಟ್ಟು ಬೆಳೆಯಬೇಕು. ನನ್ನ ಕಂಬದ ಎತ್ತರ ಅದರ ಅಗಲದ 20/21 ಭಾಗ. 44/7ನ್ನು 20/21ರಿಂದ ಗುಣಿಸಿದರೆ? ನೀವೇ ಮಾಡಿ ನೋಡಿ ಮಕ್ಕಳೇ. 5.99 ಬರುತ್ತದೆ. ಅಂದರೆ ಸುತ್ತಿಗೆ ಆರು ಕಂಬ!

“ಮೊದಲ ಸುತ್ತು 6, ಎರಡನೆಯದು 12, ಮೂರನೆಯದು 18. ಅಜ್ಜೀ, ಇದು ಆರರ ಮಗ್ಗಿ!” ಎಂದು ಕುಣಿದಳು.

ಎತ್ತರದ ಕಂಬವಾದರೆ ಲೆಕ್ಕ ಬೇರೆ. ಅದು ಗಿಡ್ಡ ಕಂಬದ ಸುಮಾರು ಎರಡರಷ್ಟು ಎತ್ತರ. ಹಾಗಾಗಿ ಸುತ್ತಿಗೆ ಸುಮಾರು 12 ಹೆಚ್ಚಿಸಿದರೇ ಚಪ್ಪಟೆ ಬರುವುದು.

ನನ್ನ ಕೋಳಿ ಜುಟ್ಟಿಗೂ ಒಂದು ಮರ್ಯಾದೆ ಇದೆ ಎಂದು ಆಮೇಲೆ ತಿಳಿಯಿತು. ಲಾಟ್ವಿಯಾದಲ್ಲಿ ಹುಟ್ಟಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗಣಿತ ಹೇಳಿಕೊಟ್ಟ ಡೈನಾ ಟೈಮಿನಾ ಎಂಬ ವಿದುಷಿ, 1997ರಲ್ಲಿ ಬೇಕೆಂದೇ ಹೆಚ್ಚು ಹೆಚ್ಚು ಕಂಬ ಹಾಕುತ್ತ ಇಂಥ ನೆರಿಗೆಯ ಆಕಾರಗಳನ್ನು ಕ್ರೋಶಾದಲ್ಲಿ ಮಾಡಿದರು. ಗಣಿತದಲ್ಲಿ ‘ಹೈಪರ್‌ಬಾಲಿಕ್’ ಎನ್ನುವ ಒಂದು ಬಗೆಯ ಮೇಲ್ಮೈ ಇದೆ. ಅದನ್ನು ಕಾಗದದ ಮೇಲೆ ಬರೆದು ತಿಳಿಸುವುದು ಕಷ್ಟ. ಕ್ರೋಶಾ ತುಂಡನ್ನು ಕೈಗೆ ಕೊಟ್ಟರೆ ವಿದ್ಯಾರ್ಥಿಗಳು ಮುಟ್ಟಿ, ಮಡಚಿ ತಿಳಿದುಕೊಳ್ಳಬಹುದಲ್ಲ! ಸಮುದ್ರದ ಹವಳಗಳಲ್ಲಿ, ಲೆಟ್ಯೂಸ್ ಸೊಪ್ಪಿನ ಅಂಚಿನಲ್ಲಿ ಇದೇ ನೆರಿಗೆ ಕಾಣುತ್ತದೆ. 2005ರಲ್ಲಿ ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ಥೈಮ್ ಎಂಬ ಅಕ್ಕತಂಗಿಯರು ಇದೇ ಉಪಾಯದಿಂದ ಕ್ರೋಶಾದ ಹವಳದ ದಿಬ್ಬವನ್ನೇ ಕಟ್ಟಲು ಶುರುಮಾಡಿದರು. ಆದರೆ ಹವಳದ ದಿಬ್ಬವನ್ನು ಹಸುಗೂಸಿನ ತಲೆಗೆ ಹಾಕಲು ಬರುವುದಿಲ್ಲವಲ್ಲ. ನಾನು ಆರಕ್ಕೇ ಬಂದೆ.

ಯಾರ ತಲೆಗೆ?

ಆರರ ಮಗ್ಗಿಯಲ್ಲಿ 96 ಬರುವುದು ಹದಿನಾರನೆಯ ಸುತ್ತಿನಲ್ಲಿ. ಅಲ್ಲಿಯವರೆಗೆ ಹೆಚ್ಚಿಸಿ, ಆಮೇಲೆ ಹೆಚ್ಚಿಸದೆ ನೇರ ಸುತ್ತು ಹಾಕಿ, ನಾಲ್ಕು ದಿನದಲ್ಲಿ ಕುಲಾವಿ ಮುಗಿಸಿದೆ. ಸೊಗಸಾಗಿ ಬಂದಿತ್ತು. ಒಂದೇ ತೊಂದರೆ. ಅದು ಪಕ್ಕದ ಮನೆಯ ಯುಕೆಜಿ ಹುಡುಗನ ತಲೆಗೆ ಸರಿಯಾಗಿ ಕೂತಿತು! ಅವನು ಅದನ್ನು ಹಾಕಿಕೊಂಡು ಓಡಿಯೇ ಹೋದ, ಇವತ್ತಿಗೂ ವಾಪಸು ಬಂದಿಲ್ಲ.

ತಪ್ಪು ಎಲ್ಲಿ? ಅಮ್ಮನ ದಾರ ಸಪೂರ, ನನ್ನ ನೂಲು ದಪ್ಪ. ಅವಳ 96 ಕಂಬಕ್ಕೂ ನನ್ನ 96 ಕಂಬಕ್ಕೂ ಅಜಗಜಾಂತರ. ಅಮ್ಮನ ಕುಲಾವಿಯ ಸುತ್ತಳತೆ 33 ಸೆಂ.ಮೀ. ನನ್ನದು 48.

ಅಲ್ಲಿಗೆ ಒಂದು ಪಾಠವಾಯಿತು. ಕಂಬದ ಲೆಕ್ಕವನ್ನು ನಕಲು ಮಾಡಬಾರದು, ಅಳತೆಯಿಂದ ಶುರುಮಾಡಬೇಕು. ತಿಂಗಳು ತುಂಬಿ ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 35 ಸೆಂ.ಮೀ. ಆಸುಪಾಸು. ಹೆಣಿಗೆ ಹಿಗ್ಗುತ್ತದೆ, ಹಾಗಾಗಿ ಟೋಪಿ ತಲೆಗಿಂತ ಎರಡು ಸೆಂ.ಮೀ. ಕಡಿಮೆ ಇದ್ದರೆ ಜಾರದೆ ಕೂರುತ್ತದೆ. ಅಂದರೆ 33. ಅಮ್ಮ ಅಳತೆಪಟ್ಟಿ ಇಲ್ಲದೆ ಅದನ್ನು ಹೇಗೆ ಹಿಡಿದಿದ್ದಳೋ! ನನ್ನ ನೂಲಿನಲ್ಲಿ 10 ಸೆಂ.ಮೀ.ಗೆ 20 ಕಂಬವಾದರೆ 33 ಸೆಂ.ಮೀ.ಗೆ 66. ಅದೂ ಆರರ ಮಗ್ಗಿಯಲ್ಲೇ ಇದೆ, ಆರು ಹನ್ನೊಂದಲಿ ಅರವತ್ತಾರು. ಹನ್ನೊಂದು ಸುತ್ತಿಗೆ ನೆತ್ತಿ ಮುಗಿಯಿತು. ಅಡ್ಡಳತೆ 10.5 ಸೆಂ.ಮೀ. ಬಂತು. ಪುಟ್ಟಿ 33ನ್ನು 22/7ರಿಂದ ಭಾಗಿಸಿದರೂ ಅದೇ ಬಂತು.

ಈ ಸಲದ ಕುಲಾವಿ ಸರಿಯಾಯಿತು. ನಾನು ಒಂದು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದೆ. ಕೆಲಸ ಮುಗಿಯಿತು ಎಂದುಕೊಂಡೆ. ಶುರುವಾಗಿದ್ದೇ ಆಗ.

ಮೂವರು ಪರೀಕ್ಷಕರು

ನಾನು ಬರೆದದ್ದು ನನಗೆ ತಿಳಿಯುವುದರಲ್ಲಿ ಏನು ಹೆಚ್ಚುಗಾರಿಕೆ? ನಾನಿಲ್ಲದಾಗ ಬೇರೆಯವರಿಗೆ ತಿಳಿಯಬೇಕು. ಅದಕ್ಕಾಗಿ ಮೂವರಿಗೆ ಬರಹದ ಪ್ರತಿ ಕೊಟ್ಟೆ. ಒಬ್ಬಳು ಪುಟ್ಟಿ. ಮೊಬೈಲಿನಲ್ಲಿ ವಿಡಿಯೋ ನೋಡಿ ಕ್ರೋಶಾ ಕಲಿತಿದ್ದವಳು. ಇನ್ನೊಬ್ಬರು ಎದುರುಮನೆಯ ನಿವೃತ್ತ ಟೀಚರ್. ಮೂರನೆಯವಳು ಸಾಗರದಲ್ಲಿರುವ ನನ್ನ ನಾದಿನಿ. ಷರತ್ತು ಒಂದೇ: ನನ್ನನ್ನು ಏನೂ ಕೇಳಬಾರದು, ನಾನೂ ಏನೂ ಹೇಳಬಾರದು. ಬರೆದದ್ದು ಮಾತ್ರ ಮಾತಾಡಬೇಕು.

ಮಕ್ಕಳೇ, ಜಗತ್ತಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದಕ್ಕಿಂತ ಕಷ್ಟದ ಕೆಲಸ ಇಲ್ಲ. ಬೇಕಾದರೆ ನಿಮ್ಮ ಅಜ್ಜಿಯನ್ನು ಕೇಳಿ.

ವಾರ ಕಳೆದು ಮೂರು ಕುಲಾವಿ ಬಂದವು. ಒಂದೇ ನೂಲು, ಒಂದೇ ಅಳತೆಯ ಕಡ್ಡಿ, ಒಂದೇ ಬರಹ. ಆದರೂ ಒಂದಕ್ಕೊಂದು ಸಂಬಂಧವಿಲ್ಲ!

ಟೀಚರ್ ಮಾಡಿದ್ದು 29 ಸೆಂ.ಮೀ. ಸುಲಿದ ತೆಂಗಿನಕಾಯಿಗೆ ಹಾಕಿ ನೋಡಿದೆವು, ಅದಕ್ಕೂ ಬಿಗಿ. ಕಂಬಗಳ ಲೆಕ್ಕ ಸರಿಯಾಗಿ 66 ಇತ್ತು. ಅವರ ಕೈ ಬಿಗಿ, ಅಷ್ಟೇ. ನನ್ನ 20 ಕಂಬದ ಜಾಗದಲ್ಲಿ ಅವರದು 23 ಕೂರುತ್ತಿತ್ತು. ಒಬ್ಬೊಬ್ಬರ ಅಕ್ಷರ ಒಂದೊಂದು ಥರ ಇರುವ ಹಾಗೆ ಒಬ್ಬೊಬ್ಬರ ಕೈಯ ಬಿಗಿಯೂ ಬೇರೆ. ಆದ್ದರಿಂದ ಬರಹದ ಮೊದಲಿಗೇ ಒಂದು ಸಾಲು ಸೇರಿಸಿದೆ: ‘ಮೊದಲು ಅಂಗೈಯಗಲದ ಒಂದು ತುಂಡು ಹಾಕಿ ಅಳೆಯಿರಿ. 10 ಸೆಂ.ಮೀ.ಗೆ 20ಕ್ಕಿಂತ ಹೆಚ್ಚು ಕಂಬ ಬಂದರೆ ದಪ್ಪ ಕಡ್ಡಿ ಹಿಡಿಯಿರಿ, ಕಡಿಮೆ ಬಂದರೆ ಸಣ್ಣದು.’

ನಾದಿನಿಯದು ಒಂದು ಕಡೆ ಸೊಟ್ಟ. “ಅತ್ತಿಗೆ, ಆರನೇ ಸುತ್ತಲ್ಲಿ ಎಲ್ಲೋ ಎರಡು ಕಂಬ ಬಿಟ್ಟುಬಿಟ್ಟೆ. ಕೊನೆಗೆ ಬಂದ ಮೇಲೇ ಗೊತ್ತಾಗಿದ್ದು. ಸುತ್ತು ಮುಗಿದಾಗ ಎಷ್ಟಿರಬೇಕು ಅಂತ ನೀವು ಬರೆದೇ ಇಲ್ಲವಲ್ಲ” ಎಂದಳು ಫೋನಿನಲ್ಲಿ. ನಿಜ. ನಾನು ಪ್ರತಿ ಸುತ್ತಿನ ಕೊನೆಗೆ ಮೊತ್ತ ಬರೆದಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರು ಪ್ರತಿ ಸ್ಟಾಪಿನಲ್ಲೂ ಎಣಿಸದೆ ಕೊನೆಗೆ ಎಣಿಸಿದರೆ ಟಿಕೆಟ್ ಇಲ್ಲದವನು ಎಲ್ಲಿ ಹತ್ತಿದ ಎಂದು ಹೇಗೆ ತಿಳಿಯಬೇಕು? ಎಲ್ಲ ಸುತ್ತಿನ ಮುಂದೆಯೂ ಮೊತ್ತ ಬರೆದೆ.

ಮೂರನೆಯದು ಪುಟ್ಟಿಯದು. ಅದನ್ನು ನೋಡಿ ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಒಂದು ಗೇಣಿಗಿಂತ ಉದ್ದ, ತುದಿ ಚೂಪು. ಯಕ್ಷಗಾನದ ಕೋಡಂಗಿಯ ಟೋಪಿ! ನಾನು ಮಾತ್ರ ನಗಲಿಲ್ಲ. ಹೆರಿಗೆಯ ದಿನ ಹತ್ತಿರ ಬರುತ್ತಿತ್ತು, ಒಂದು ಉಂಡೆ ನೂಲು ದಂಡವಾಯಿತು ಎಂದು ಸಿಟ್ಟು. “ಗಮನವಿಟ್ಟು ಓದಿದ್ದರೆ ಹೀಗಾಗುತ್ತಿತ್ತಾ? ಕೈಯಲ್ಲಿ ಕಡ್ಡಿ, ಕಣ್ಣು ಟಿ.ವಿ. ಮೇಲೆ!” ಎಂದು ಎಲ್ಲರೆದುರು ಗದರಿಸಿಬಿಟ್ಟೆ.

ಪುಟ್ಟಿ ಅಳಲಿಲ್ಲ. ನೋಟ್‌ಬುಕ್ಕು ತಂದು ನನ್ನ ಮುಂದಿಟ್ಟು, ಒಂದು ಸಾಲಿನ ಮೇಲೆ ಬೆರಳಿಟ್ಟಳು. “ನೀನು ಬರೆದದ್ದನ್ನೇ ಮಾಡಿದ್ದೀನಿ ಅಜ್ಜಿ” ಎಂದು ಹೇಳಿ ಕೋಣೆಗೆ ಹೋದಳು. ರಾತ್ರಿ ಊಟಕ್ಕೂ ಸರಿಯಾಗಿ ಕೂರಲಿಲ್ಲ.

ಆ ಸಾಲಿನಲ್ಲಿ ‘ಡಬಲ್ ಕ್ರೋಶಾ’ ಎಂದಿತ್ತು.

ಒಂದೇ ಹೆಸರು, ಎರಡು ಕಂಬ

ಮಲಗಿದರೂ ನಿದ್ದೆ ಬರಲಿಲ್ಲ. ಎದ್ದು, ಅವಳು ಕಲಿತ ವಿಡಿಯೋವನ್ನು ಮಗನ ಕೈಲಿ ಹಾಕಿಸಿ ನೋಡಿದೆ. ಅದು ಅಮೆರಿಕದ್ದು. ಅದರಲ್ಲಿ ‘ಡಬಲ್ ಕ್ರೋಶಾ’ ಎಂದರೆ ಎತ್ತರದ ಕಂಬ. ನಾನು ಶಾಲೆಯಲ್ಲಿ ಕಲಿತದ್ದು ಬ್ರಿಟಿಷರ ಕಾಲದಿಂದ ಬಂದ ಪದ್ಧತಿ. ಅದರಲ್ಲಿ ‘ಡಬಲ್ ಕ್ರೋಶಾ’ ಎಂದರೆ ಗಿಡ್ಡ ಕಂಬ! ಬ್ರಿಟಿಷರು ಡಬಲ್ ಎನ್ನುವುದನ್ನು ಅಮೆರಿಕದವರು ಸಿಂಗಲ್ ಎನ್ನುತ್ತಾರೆ. ಅಮೆರಿಕದವರ ಡಬಲ್ಲು ಬ್ರಿಟಿಷರಿಗೆ ಟ್ರೆಬಲ್. ಐವತ್ತು ವರ್ಷ ಕ್ರೋಶಾ ಹಾಕಿದ ನನಗೆ ಇದು ಗೊತ್ತೇ ಇರಲಿಲ್ಲ. ಟೀಚರೂ ನಾದಿನಿಯೂ ನನ್ನ ಕಾಲದವರು, ನನ್ನ ಹಾಗೆಯೇ ಓದಿಕೊಂಡಿದ್ದರು.

ಪುಟ್ಟಿಯ ಲೆಕ್ಕದಲ್ಲೇ ಕೋಡಂಗಿ ಟೋಪಿಯ ಗುಟ್ಟೂ ಇತ್ತು. ಎತ್ತರದ ಕಂಬಕ್ಕೆ ಸುತ್ತಿಗೆ 12 ಹೆಚ್ಚಿಸಬೇಕು. ಅವಳು ನಾನು ಬರೆದ ಹಾಗೆ 6 ಮಾತ್ರ ಹೆಚ್ಚಿಸಿದ್ದಳು. ಚೂಪಾಗದೆ ಏನಾದೀತು? ಅವಳ ಕುಲಾವಿಯಲ್ಲಿ ಕಂಬಗಳನ್ನು ಎಣಿಸಿದೆ. ಒಂದು ಕಂಬವೂ ತಪ್ಪಿರಲಿಲ್ಲ. ಮೂವರಲ್ಲಿ ನನ್ನ ಬರಹವನ್ನು ಅತ್ಯಂತ ನಿಷ್ಠೆಯಿಂದ ಪಾಲಿಸಿದವಳು ನಾನು ಬೈದ ಹುಡುಗಿಯೇ.

ಬೆಳಿಗ್ಗೆ ಅವಳು ಶಾಲೆಗೆ ಹೊರಡುವ ಮುಂಚೆ ಕರೆದು ಹೇಳಿದೆ, “ತಪ್ಪು ನನ್ನದು ಪುಟ್ಟೀ. ನಾನು ಬರೆದದ್ದೇ ಸರಿ ಇರಲಿಲ್ಲ.” ಗದರಿಸಿದ್ದು ಎಲ್ಲರೆದುರು, ಹಾಗಾಗಿ ಇದನ್ನೂ ಎಲ್ಲರೆದುರೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಆ ಟೋಪಿ ಬಿಚ್ಚಬೇಡ, ನಂಗೆ ಬೇಕು” ಎಂದಳು.

ಸಂಜೆ ಇಬ್ಬರೂ ಕೂತು ಬರಹವನ್ನು ಮೊದಲಿನಿಂದ ತಿದ್ದಿದೆವು. ಸಿಂಗಲ್ಲೂ ಬೇಡ, ಡಬಲ್ಲೂ ಬೇಡ ಎಂದು ಅಮ್ಮನ ಮಾತಿಗೇ ಹೋದೆವು: ಗಿಡ್ಡ ಕಂಬ, ಎತ್ತರದ ಕಂಬ. ಪ್ರತಿಯೊಂದನ್ನೂ ಹೇಗೆ ಹಾಕಬೇಕು ಎಂದು ಒಂದೊಂದು ಸಾಲು. ಪಕ್ಕದಲ್ಲಿ ಚಿತ್ರ. ಕ್ರೋಶಾಕ್ಕೆ ಚಿತ್ರದ ಭಾಷೆಯೂ ಇದೆ. ಸರಪಳಿಗೆ ಸಣ್ಣ ಮೊಟ್ಟೆಯಾಕಾರ, ಗಿಡ್ಡ ಕಂಬಕ್ಕೆ ಗುಣಾಕಾರದ ಗುರುತು, ಎತ್ತರದ ಕಂಬಕ್ಕೆ ನಡುವೆ ಗೀಟು ಹಾಕಿದ ಇಂಗ್ಲಿಷ್ ‘ಟಿ’. ಜಪಾನಿನ ಕ್ರೋಶಾ ಪುಸ್ತಕಗಳಲ್ಲಿ ಹೆಚ್ಚಾಗಿ ಇಂಥ ಚಿತ್ರಗಳೇ ಇರುತ್ತವೆ. ಭಾಷೆ ಬಾರದವರೂ ಅದನ್ನು ನೋಡಿ ಹಾಕಬಹುದು. ಚಿತ್ರವನ್ನು ಪುಟ್ಟಿಯೇ ಕೈವಾರ ಹಿಡಿದು ಬರೆದಳು.

ಅಮ್ಮನ ಕುಲಾವಿಯಲ್ಲಿದ್ದ ಒಂದನ್ನು ಮಾತ್ರ ನಾನು ಬೇಕೆಂದೇ ಕೈಬಿಟ್ಟೆ. ಲಾಡಿ. ಹಸುಗೂಸಿನ ಕುತ್ತಿಗೆಯ ಹತ್ತಿರ ದಾರ ಕಟ್ಟಬಾರದು, ಮಲಗಿದಾಗ ಸುತ್ತಿಕೊಂಡರೆ ಅಪಾಯ ಎಂದು ಆಸ್ಪತ್ರೆಯ ನರ್ಸಮ್ಮ ಮಗಳಿಗೆ ಹೇಳಿದ್ದರು. ಅದೇ ಕಾರಣಕ್ಕೆ ಮಣಿ, ಗುಂಡಿ ಯಾವುದೂ ಬೇಡ ಎಂದೆವು, ಕಿತ್ತುಬಂದರೆ ಮಗು ಬಾಯಿಗೆ ಹಾಕಿಕೊಳ್ಳುತ್ತದೆ. ಲಾಡಿಯ ಬದಲು ಕಿವಿ ಮುಚ್ಚುವಷ್ಟು ಆಳ ಇಟ್ಟೆ. “ಲಾಡಿ ಇಲ್ಲದ ಮೇಲೆ ಅದೆಂಥ ಕುಲಾವಿ ಅತ್ತಿಗೆ?” ಎಂದು ನಾದಿನಿ ರೇಗಿಸಿದಳು. ಅಮ್ಮ ಇದ್ದಿದ್ದರೆ ಅವಳೂ ಕೇಳುತ್ತಿದ್ದಳೋ ಏನೋ. ಆದರೆ ಕಾರಣ ಹೇಳಿದರೆ ಒಪ್ಪುತ್ತಿದ್ದಳು.

ಮತ್ತೆ ಮೂವರೂ ಮಾಡಿದರು. ಈ ಸಲ ಅಳತೆಪಟ್ಟಿ ಹಿಡಿದಾಗ ಒಂದು 33, ಒಂದು 33, ಇನ್ನೊಂದು 33ಕ್ಕೆ ಅರ್ಧ ಸೆಂ.ಮೀ. ಹೆಚ್ಚು. ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟರೆ ಯಾರದು ಯಾವುದು ಎಂದು ನನಗೇ ತಿಳಿಯಲಿಲ್ಲ. ತೋರಣ ಮಾಡಿ ಹೊಗಳಿಸಿಕೊಂಡಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಅಮ್ಮ ಏನು ಹೇಳಿಕೊಳ್ಳುತ್ತಿದ್ದಳು?

ಶ್ರಾವಣದಲ್ಲಿ ಮಗು ಹುಟ್ಟಿತು, ಗಂಡು. ಹೊರಗೆ ಜಡಿಮಳೆ. ಆಸ್ಪತ್ರೆಯಿಂದ ಮನೆಗೆ ಬರುವಾಗ ತಲೆಗೆ ಹಾಕಿದ್ದು ಪುಟ್ಟಿ ಮಾಡಿದ ಕುಲಾವಿ. ನನ್ನದು ತೊಳೆದು ಹಾಕುವುದಕ್ಕೆ ಎರಡನೆಯದಾಯಿತು. ನನಗೆ ಬೇಸರವಿಲ್ಲ.

ಎರಡು ತಿಂಗಳ ಮೇಲೆ ನನ್ನ ಎಡಗಣ್ಣಿನ ಆಪರೇಷನ್ ಆಯಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದೆ. ಪುಟ್ಟಿಯ ಕ್ಲಾಸ್ ಟೀಚರಿಗೆ ಮಗುವಾಗಿತ್ತಂತೆ. ಅವಳು ನೋಟ್‌ಬುಕ್ಕು ತೆರೆದುಕೊಂಡು ನನ್ನ ಕಾಲ ಬಳಿ ಕೂತು ಇನ್ನೊಂದು ಕುಲಾವಿ ಶುರುಮಾಡಿದಳು. ನಾನು ಏನೂ ಹೇಳಬಾರದು, ಅದು ನಮ್ಮ ಹಳೆಯ ಷರತ್ತು. ಅವಳು ತುಟಿಯಲ್ಲೇ ಗುನುಗುತ್ತ ಎಣಿಸುತ್ತಿದ್ದಳು. ಆರೊಂದ್ಲ ಆರು, ಆರೆರಡ್ಲ ಹನ್ನೆರಡು...

ಆಗ ನನಗೆ ನೆನಪಾಯಿತು. ಅಮ್ಮ ಕುಲಾವಿ ಶುರುಮಾಡುವಾಗ ಯಾರೂ ಮಾತಾಡಿಸುವ ಹಾಗಿರಲಿಲ್ಲ. ಅವಳ ತುಟಿ ಅಲ್ಲಾಡುತ್ತಿತ್ತು. ನಾವು ಮಕ್ಕಳೆಲ್ಲ ಅವಳು ದೇವರ ನಾಮ ಹೇಳಿಕೊಳ್ಳುತ್ತಾಳೆ ಎಂದುಕೊಂಡಿದ್ದೆವು. ಅವಳು ಓದಿದ್ದು ಎರಡನೇ ಕ್ಲಾಸು. ಆ ಕಾಲದಲ್ಲಿ ಎರಡನೇ ಕ್ಲಾಸಿಗೇ ಮಗ್ಗಿ ಬಾಯಿಪಾಠ. 96 ಎಂದರೆ ಆರು ಹದಿನಾರಲಿ. ನನಗೀಗ ಅನ್ನಿಸುತ್ತದೆ, ಅದು ದೇವರ ನಾಮ ಆಗಿರಲಿಕ್ಕಿಲ್ಲ.

ಪುಟ್ಟಿಗೆ ಹೇಳಬೇಕೆನಿಸಿತು. ಆದರೆ ಅವಳು ಆಗ ಎಂಟನೆಯ ಸುತ್ತಿನಲ್ಲಿದ್ದಳು. ಲೆಕ್ಕ ತಪ್ಪೀತೆಂದು ಸುಮ್ಮನೆ ಕೂತೆ.

ನೀವೂ ಮಾಡಿ ನೋಡಿ

ಅಜ್ಜಿಯರಿಗೆ ಇಡೀ ಕುಲಾವಿ. ಮಕ್ಕಳು ಮೊದಲು ಆರು ಸುತ್ತು ಮಾತ್ರ ಹಾಕಿ ನಿಲ್ಲಿಸಿ, ದಪ್ಪ ನೂಲಾದರೆ ಕಾಫಿ ಲೋಟದ ಅಡಿಗೆ ಇಡುವ ಚೆಂದದ ಬಿಲ್ಲೆಯಾಗುತ್ತದೆ.

ಬೇಕಾದ್ದು: ಮೆತ್ತನೆಯ ಹತ್ತಿನೂಲು, 3.5 ಮಿ.ಮೀ. ಕ್ರೋಶಾ ಕಡ್ಡಿ, ಅಳತೆಪಟ್ಟಿ, ದಪ್ಪ ಕಣ್ಣಿನ ಸೂಜಿ. ಮೊದಲು ತುಂಡು ಹಾಕಿ ಅಳೆಯಿರಿ: 10 ಸೆಂ.ಮೀ. ಅಗಲಕ್ಕೆ 20 ಗಿಡ್ಡ ಕಂಬ, ಎತ್ತರಕ್ಕೆ 21 ಸಾಲು.

ಗಿಡ್ಡ ಕಂಬ: ಕಡ್ಡಿಯನ್ನು ಕೆಳಗಿನ ಸುತ್ತಿನ ಕಂಬದ ತಲೆಯೊಳಗೆ ತೂರಿಸಿ ನೂಲು ಎಳೆಯಿರಿ. ಕಡ್ಡಿಯ ಮೇಲೆ ಎರಡು ಕುಣಿಕೆ. ಮತ್ತೆ ನೂಲು ಎಳೆದು ಎರಡರಿಂದಲೂ ಒಟ್ಟಿಗೆ ಹೊರತನ್ನಿ.

ಎತ್ತರದ ಕಂಬ: ಮೊದಲೇ ಒಮ್ಮೆ ನೂಲನ್ನು ಕಡ್ಡಿಗೆ ಸುತ್ತಿಕೊಂಡು ತೂರಿಸಿ, ಎಳೆಯಿರಿ. ಮೂರು ಕುಣಿಕೆ ಇರುತ್ತದೆ. ನೂಲು ಎಳೆದು ಎರಡರಿಂದ ಹೊರತನ್ನಿ, ಮತ್ತೆ ಎಳೆದು ಉಳಿದೆರಡರಿಂದ ಹೊರತನ್ನಿ.

ಸುತ್ತು 1: ನೂಲಿನ ಉಂಗುರದೊಳಗೆ 6 ಗಿಡ್ಡ ಕಂಬ. ಮೊತ್ತ 6.

ಸುತ್ತು 2: ಪ್ರತಿ ಕಂಬದ ಮೇಲೆ ಎರಡೆರಡು. ಮೊತ್ತ 12.

ಸುತ್ತು 3: ಒಂದರ ಮೇಲೆ ಒಂದು, ಮುಂದಿನದರ ಮೇಲೆ ಎರಡು. ಹೀಗೆ ಆರು ಸಲ. ಮೊತ್ತ 18.

ಸುತ್ತು 4: ಎರಡು ಕಂಬದ ಮೇಲೆ ಒಂದೊಂದು, ಮುಂದಿನದರ ಮೇಲೆ ಎರಡು. ಆರು ಸಲ. ಮೊತ್ತ 24.

ಸುತ್ತು 5ರಿಂದ 11: ಇದೇ ಕ್ರಮದಲ್ಲಿ, ನಡುವಿನ ಒಂಟಿ ಕಂಬಗಳನ್ನು ಪ್ರತಿ ಸುತ್ತಿಗೂ ಒಂದೊಂದು ಹೆಚ್ಚಿಸುತ್ತ ಹೋಗಿ. ಮೊತ್ತ 30, 36, 42, 48, 54, 60, 66. ಈಗ ಅಡ್ಡಳತೆ 10.5 ಸೆಂ.ಮೀ. ಇರಬೇಕು.

ಸುತ್ತು 12ರಿಂದ 28: ಹೆಚ್ಚಿಸಬೇಡಿ. ಪ್ರತಿ ಕಂಬದ ಮೇಲೆ ಒಂದೇ ಕಂಬ. ಪ್ರತಿ ಸುತ್ತಿನ ಮೊತ್ತ 66.

ಅಂಚಿನ ಎಸಳು: ಎರಡು ಕಂಬ ಬಿಟ್ಟು, ಮೂರನೆಯದರ ಮೇಲೆ 5 ಎತ್ತರದ ಕಂಬ. ಮತ್ತೆ ಎರಡು ಬಿಟ್ಟು, ಮುಂದಿನದರ ಮೇಲೆ ಒಂದು ಗಿಡ್ಡ ಕಂಬ. ಇದು ಒಂದು ಎಸಳು. ಒಂದು ಎಸಳಿಗೆ ಆರು ಕಂಬದ ಜಾಗ, ಒಟ್ಟು 11 ಎಸಳು. ನೂಲಿನ ತುದಿಯನ್ನು ಸೂಜಿಯಿಂದ ಒಳಗಡೆ ಭದ್ರವಾಗಿ ಸೇರಿಸಿ. ತೊಳೆದು, ಒಣಗಿಸಿ ಕೊಡಿ.

ಮಾಡಿದ ಮೇಲೆ ನಿಮ್ಮ ಮನೆಯಲ್ಲೇ ಯಾರಿಗಾದರೂ ಬರಹ ಕೊಟ್ಟು, ಬಾಯಿ ಮುಚ್ಚಿಕೊಂಡು ಕೂತು ನೋಡಿ. ಅವರಿಗೆ ಎಲ್ಲಿ ತಿಳಿಯಲಿಲ್ಲವೋ ಆ ಸಾಲನ್ನು ತಿದ್ದಿ. ಅವರನ್ನು ಮಾತ್ರ ಗದರಿಸಬೇಡಿ.